ಒದ್ದೆ ಮುದ್ದೆ ಒಣಗಲು ಎಷ್ಟು ಹೊತ್ತು ಬೇಕು?

ಹಲವು ವರ್ಷಗಳ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಮನೆಗೆ ಬಂದ. ಬಣ್ಣದ ಪುಡಿ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಅವನಿಗೆ ಕೆಲಸ. ರಾಸಾಯನಿಕ ಕ್ರಿಯೆಯಿಂದ ದೊರೆತ ಬಣ್ಣವನ್ನು ಸೋಸಿ, ತೊಳೆದು, ಉಳಿದ ಒದ್ದೆ ಮುದ್ದೆಯನ್ನು ಟ್ರೇಗಳಲ್ಲಿ ಹರವಿ, ಅದರ ಮೇಲೆ ಬಿಸಿ ಗಾಳಿ ಹಾಯಿಸಿ ಅಲ್ಲಿ ಒಣಗಿಸುತ್ತಿದ್ದರು. "ಸಾರ್, ಎಷ್ಟು ಗಂಟೆ ಗಾಳಿ ಬಿಡಬೇಕು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ರಾತ್ರಿಯಿಡೀ ಬಿಟ್ಟುಬಿಡ್ತಾರೆ. ಕರೆಂಟ್ ಬಿಲ್ ನೋಡಿ ಮಾಲೀಕರು ನನ್ನನ್ನು ಬೈತಾರೆ. ನೀವು ಲೆಕ್ಕ ಹಾಕಿಕೊಡಿ" ಎಂದ.

ಎರಡು ಗಂಟೆಯ ಅಂತರದಲ್ಲಿ ಟ್ರೇಯನ್ನು ಎರಡು ಸಲ ತೂಗಿ, ಅಂಕಿಗಳನ್ನು ಬರೆದುಕೊಂಡೇ ಬಂದಿದ್ದ. ಓದುಗರಿಗೆ ಅನುಕೂಲವಾಗಲೆಂದು ಅವನ್ನು ದುಂಡಾಗಿಸಿ ಕೊಡುತ್ತೇನೆ. ಒಂದು ಚದರ ಮೀಟರ್ ಟ್ರೇಯಲ್ಲಿ 30 ಕಿ.ಗ್ರಾಂ. ಒಣ ಪುಡಿ, ಅದರೊಡನೆ 12 ಕಿ.ಗ್ರಾಂ. ನೀರು. ಎರಡು ಗಂಟೆಗಳಲ್ಲಿ ಹೋದ ನೀರು 3.2 ಕಿ.ಗ್ರಾಂ. ಪುಡಿಯಲ್ಲಿ ಕೊನೆಗೆ 1.2 ಕಿ.ಗ್ರಾಂ. ನೀರು ಉಳಿದರೆ ತೊಂದರೆಯಿಲ್ಲ. ನಾನು ಕಾಗದವನ್ನೂ ತೆಗೆದುಕೊಳ್ಳಲಿಲ್ಲ. ಗಂಟೆಗೆ 1.6 ಕಿ.ಗ್ರಾಂ.ನಂತೆ 10.8 ಕಿ.ಗ್ರಾಂ. ನೀರು ಹೋಗಬೇಕು. ಭಾಗಿಸಿದರೆ ಆರೂಮುಕ್ಕಾಲು ಗಂಟೆ. "ಏಳು ಗಂಟೆ ಸಾಕು" ಎಂದುಬಿಟ್ಟೆ.

ಅವನು ನನ್ನ ಮಾತನ್ನು ನಂಬಿ ಏಳು ಗಂಟೆಗೆ ಗಾಳಿ ನಿಲ್ಲಿಸಿದ. ಪುಡಿಯನ್ನು ಚೀಲಗಳಿಗೆ ತುಂಬಿ ಹೊಲಿದದ್ದೂ ಆಯಿತು. ಕೆಲವು ದಿನಗಳಲ್ಲಿ ಚೀಲದೊಳಗಿನ ಬಣ್ಣ ಗಂಟುಗಟ್ಟಿ ಕಲ್ಲಾಯಿತು. ಮತ್ತೆ ಒಡೆದು, ಬೀಸಿ, ಒಣಗಿಸಬೇಕಾಯಿತು. ಪರೀಕ್ಷಿಸಿ ನೋಡಿದಾಗ ಅದರಲ್ಲಿ ಇರಬೇಕಾದುದರ ಎರಡು ಪಟ್ಟಿಗಿಂತ ಹೆಚ್ಚು ನೀರು ಉಳಿದಿತ್ತಂತೆ. ಭಾಗಾಕಾರದಲ್ಲಿ ತಪ್ಪಿರಲಿಲ್ಲ. ತೂಕವೂ ಸರಿಯಾಗಿತ್ತು. ತಪ್ಪಿದ್ದು ನನ್ನ ಭೌತವಿಜ್ಞಾನ. ಆ ತಪ್ಪು ಎಲ್ಲಿತ್ತು, ಸರಿಯಾದ ಲೆಕ್ಕ ಹೇಗೆ ಎಂಬುದೇ ಈ ಲೇಖನದ ವಿಷಯ.

ನೂರಕ್ಕೆ ನಲವತ್ತು – ಯಾವುದರ ನಲವತ್ತು?

ಲೆಕ್ಕಕ್ಕೆ ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಮೇಲಿನ ಮುದ್ದೆಯ ತೇವಾಂಶ ಎಷ್ಟು? ಒಟ್ಟು ತೂಕ 42 ಕಿ.ಗ್ರಾಂ., ಅದರಲ್ಲಿ ನೀರು 12. ಆದ್ದರಿಂದ ತೇವಾಂಶ ಶೇಕಡ 28.6 ಎನ್ನಬಹುದು. ಇದು ಒದ್ದೆ ತೂಕವನ್ನು ಆಧಾರವಾಗಿ ಇಟ್ಟುಕೊಂಡ ಲೆಕ್ಕ. ಧಾನ್ಯ, ಕಾಫಿ ಬೀಜಗಳ ವ್ಯಾಪಾರದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಇದೇ. ಆದರೆ 30 ಕಿ.ಗ್ರಾಂ. ಒಣ ಪುಡಿಗೆ 12 ಕಿ.ಗ್ರಾಂ. ನೀರು, ಅಂದರೆ ಕಿಲೋಗೆ 0.40 ಕಿಲೋ ಎಂದೂ ಹೇಳಬಹುದು. ಇದು ಒಣ ತೂಕದ ಆಧಾರ. ರಾಸಾಯನಿಕ ಎಂಜಿನಿಯರುಗಳು ಎರಡನೆಯದನ್ನು ಹಿಡಿಯುತ್ತಾರೆ. ಕಾರಣ ಸರಳ. ಒಣಗುತ್ತ ಹೋದಂತೆ ಒಟ್ಟು ತೂಕ ಬದಲಾಗುತ್ತದೆ, ಒಣ ಪುಡಿಯ ತೂಕ ಬದಲಾಗುವುದಿಲ್ಲ. ಛೇದ ಸ್ಥಿರವಾಗಿದ್ದರೆ ಕೂಡಿ ಕಳೆಯುವುದು ಸುಲಭ.

ಎರಡನ್ನೂ ಬೆರೆಸಿದರೆ ಏನಾಗುತ್ತದೆ ನೋಡಿ. ಪ್ರಯೋಗಾಲಯದವರು ಶೇಕಡ 40 ಎಂದು ಒದ್ದೆ ತೂಕದ ಆಧಾರದಲ್ಲಿ ಬರೆದು ಕಳಿಸುತ್ತಾರೆ, ಲೆಕ್ಕ ಹಾಕುವವರು ಒಣ ತೂಕದ 0.40 ಎಂದು ತಿಳಿಯುತ್ತಾರೆ ಎಂದಿಟ್ಟುಕೊಳ್ಳೋಣ. ಆಗ ನಿಜವಾದ ಬೆಲೆ 40 ಭಾಗಿಸು 60, ಅಂದರೆ 0.667. ನಮ್ಮ 30 ಕಿ.ಗ್ರಾಂ. ಪುಡಿಯಲ್ಲಿ ಇರುವ ನೀರು 12 ಕಿ.ಗ್ರಾಂ. ಅಲ್ಲ, 20 ಕಿ.ಗ್ರಾಂ.! ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಾನು ಕಂಡಿರುವ ತಪ್ಪುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಈ ಲೇಖನದಲ್ಲಿ ಮುಂದೆ ಬರುವ ತೇವಾಂಶಗಳೆಲ್ಲ ಒಣ ತೂಕದ ಆಧಾರದವು.

ಮೊದಲ ಹಂತ: ಗಾಳಿಯ ಆಳ್ವಿಕೆ

ಟ್ರೇಯ ಮೇಲೆ ಹಾಯುವ ಗಾಳಿಯ ತಾಪ 60 ಡಿಗ್ರಿ ಸೆಲ್ಸಿಯಸ್. ಹಾಗಾದರೆ ಮುದ್ದೆಯ ತಾಪ ಎಷ್ಟು? ವಿದ್ಯಾರ್ಥಿಗಳನ್ನು ಕೇಳಿದರೆ ಹೆಚ್ಚಿನವರು ಅರವತ್ತರ ಸಮೀಪ ಎನ್ನುತ್ತಾರೆ. ಅದು ಇರುವುದು ಸುಮಾರು 30 ಡಿಗ್ರಿಯಲ್ಲಿ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದಕ್ಕೂ ಇದಕ್ಕೂ ಕಾರಣ ಒಂದೇ. ಮೇಲ್ಮೈ ಪೂರ್ತಿ ಒದ್ದೆಯಾಗಿರುವ ತನಕ ಗಾಳಿಯಿಂದ ಬಂದ ಉಷ್ಣವೆಲ್ಲ ನೀರನ್ನು ಆವಿಯಾಗಿಸಲು, ಅಂದರೆ ಗುಪ್ತೋಷ್ಣವಾಗಿ, ಖರ್ಚಾಗುತ್ತದೆ. ತಾಪ ಏರಿಸಲು ಏನೂ ಉಳಿಯುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಯಾವ ಅಂಕಿ ತೋರಿಸುತ್ತದೋ, ಅಂದರೆ ಆರ್ದ್ರ ಬಲ್ಬ್ ತಾಪ, ಅಲ್ಲಿಗೆ ಮುದ್ದೆಯ ಮೇಲ್ಮೈ ಬಂದು ನಿಲ್ಲುತ್ತದೆ.

ಹೊರಗಿನ ಗಾಳಿ 28 ಡಿಗ್ರಿಯಲ್ಲಿ ಇದ್ದು, ಅದರ ಸಾಪೇಕ್ಷ ಆರ್ದ್ರತೆ ಶೇಕಡ 63 ಎಂದಿಟ್ಟುಕೊಳ್ಳೋಣ. ಒಂದು ಕಿ.ಗ್ರಾಂ. ಒಣ ಗಾಳಿಯೊಡನೆ ಸುಮಾರು 15 ಗ್ರಾಂ. ಆವಿ ಇದೆ ಎಂದು ಇದರ ಅರ್ಥ. ಈ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಆವಿಯ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಆದರೂ ಸಾಪೇಕ್ಷ ಆರ್ದ್ರತೆ ಶೇಕಡ 12ಕ್ಕೆ ಇಳಿಯುತ್ತದೆ. ಬಿಸಿ ಗಾಳಿಗೆ ಇನ್ನಷ್ಟು ಆವಿಯನ್ನು ಹೊರಬಲ್ಲ ಶಕ್ತಿ ಬಂತು, ಅಷ್ಟೆ. ಈ ಗಾಳಿಯ ಆರ್ದ್ರ ಬಲ್ಬ್ ತಾಪ ಸುಮಾರು 30 ಡಿಗ್ರಿ.

ಇನ್ನು ಒಣಗುವ ದರವನ್ನು ಲೆಕ್ಕ ಹಾಕಬಹುದು. ಗಾಳಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಟ್ರೇಗೆ ಸಮಾಂತರವಾಗಿ ಹಾಯುತ್ತಿದ್ದರೆ, ತಾಪದ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿಗೆ ಸುಮಾರು 36 ವಾಟ್ ಉಷ್ಣ ದಾಟುತ್ತದೆ. ಇಲ್ಲಿ ವ್ಯತ್ಯಾಸ 60ರಿಂದ 30 ಕಳೆದರೆ 30 ಡಿಗ್ರಿ. ಒಟ್ಟು 1080 ವಾಟ್. 30 ಡಿಗ್ರಿಯಲ್ಲಿ ಒಂದು ಕಿ.ಗ್ರಾಂ. ನೀರು ಆವಿಯಾಗಲು ಬೇಕಾದ ಗುಪ್ತೋಷ್ಣ 2430 ಕಿಲೋಜೌಲ್. ಭಾಗಿಸಿ, 3600 ಸೆಕೆಂಡುಗಳಿಂದ ಗುಣಿಸಿದರೆ ಗಂಟೆಗೆ 1.6 ಕಿ.ಗ್ರಾಂ. ಶಿಷ್ಯ ತಂದ ತೂಕದ ಅಂಕಿಗಳೂ ಇದನ್ನೇ ಹೇಳಿದ್ದವು.

ಗಮನಿಸಬೇಕಾದ ಸಂಗತಿಯೊಂದಿದೆ. ಈ ಲೆಕ್ಕದಲ್ಲಿ ಬಣ್ಣದ ಪುಡಿಯ ಹೆಸರೇ ಬರಲಿಲ್ಲ! ಗಾಳಿಯ ತಾಪ, ಆರ್ದ್ರತೆ, ವೇಗ ಇಷ್ಟೇ ಬಂದವು. ಟ್ರೇಯಲ್ಲಿ ಪುಡಿಯ ಬದಲು ಮರಳಿರಲಿ, ಸುಣ್ಣವಿರಲಿ, ಬರಿಯ ನೀರೇ ಇರಲಿ, ಈ ಹಂತದಲ್ಲಿ ದರ ಹೆಚ್ಚುಕಡಿಮೆ ಒಂದೇ. ಇದನ್ನು ಸ್ಥಿರ ದರದ ಹಂತ ಎನ್ನುತ್ತಾರೆ. ನಾನು ನಂಬಿ ಕೆಟ್ಟದ್ದು ಈ ಸ್ಥಿರತೆಯನ್ನೇ.

ಎರಡನೆಯ ಹಂತ: ಒಳಗಿನ ಅಡಚಣೆ

ಪುಡಿಯ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಕೇಶಾಕರ್ಷಣೆಯಿಂದ ನೀರು ಈ ಸಂದುಗಳ ಮೂಲಕ ಮೇಲಕ್ಕೆ ಬರುತ್ತಿರುತ್ತದೆ. ಗಾಳಿ ಕೊಂಡೊಯ್ದಷ್ಟನ್ನೂ ಒಳಗಿನಿಂದ ತಂದು ಕೊಡುವುದು ಸಾಧ್ಯವಾಗುವ ತನಕ ಮೇಲ್ಮೈ ಒದ್ದೆಯಾಗಿಯೇ ಇರುತ್ತದೆ, ದರವೂ ಸ್ಥಿರವಾಗಿರುತ್ತದೆ. ಒಂದು ಘಟ್ಟದಲ್ಲಿ ಪೂರೈಕೆ ಸಾಲದಾಗುತ್ತದೆ. ಮೇಲ್ಮೈಯಲ್ಲಿ ಅಲ್ಲಲ್ಲಿ ಒಣ ಮಚ್ಚೆಗಳು ಕಾಣಿಸಿಕೊಂಡು, ಹರಡಿ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಮೇಲೆ ಆವಿಯಾಗುವ ಜಾಗವೇ ಒಳಕ್ಕೆ ಸರಿಯುತ್ತದೆ. ಆವಿ ಒಣಗಿದ ಪದರವನ್ನು ಹಾದು ಹೊರಬರಬೇಕು, ಉಷ್ಣ ಅದೇ ಪದರವನ್ನು ಹಾದು ಒಳಹೋಗಬೇಕು. ಹೀಗೆ ದರ ಇಳಿಯಲು ಶುರುವಾಗುವಾಗ ಇರುವ ತೇವಾಂಶಕ್ಕೆ ಸಂದಿಗ್ಧ ತೇವಾಂಶವೆಂದು ಹೆಸರು. ಟ್ರೇಯಲ್ಲಿ ಬೆರಳಿಟ್ಟು ನೋಡುವವರಿಗೆ ಇದು ಬೇರೊಂದು ರೀತಿಯಲ್ಲಿಯೂ ಗೊತ್ತಾಗುತ್ತದೆ. ಅಲ್ಲಿಯವರೆಗೆ ತಣ್ಣಗಿದ್ದ ಮುದ್ದೆ ಬಿಸಿಯಾಗತೊಡಗುತ್ತದೆ!

ಒಣಗುವಿಕೆಯಲ್ಲಿ ಇಂಥ ಹಂತಗಳಿವೆ ಎಂಬುದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸ್ಪಷ್ಟವಾಯಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಡಬ್ಲ್ಯು.ಕೆ. ಲ್ಯೂಯಿಸ್ 1921ರಲ್ಲಿ ಘನವಸ್ತುಗಳು ಒಣಗುವ ದರದ ಬಗ್ಗೆ ಬರೆದರು. ಟಿ.ಕೆ. ಶೆರ್ವುಡ್ 1929ರಿಂದ ಪ್ರಕಟಿಸಿದ ಲೇಖನಮಾಲೆ ಹಂತಗಳನ್ನು ಬಿಡಿಸಿ ತೋರಿಸಿತು. ಘನದೊಳಗೆ ನೀರು ವಿಸರಣೆಯಿಂದ ಚಲಿಸುತ್ತದೆ ಎಂಬುದು ಅವರ ಲೆಕ್ಕದ ತಳಹದಿ. ಮರಳಿನಂಥ ಹರಳು ಹರಳಾದ ವಸ್ತುಗಳಲ್ಲಿ ವಿಸರಣೆಗಿಂತ ಕೇಶಾಕರ್ಷಣೆಯದೇ ಮೇಲುಗೈ ಎಂದು ಸೀಗ್ಲ್‌ಸ್ಕೆ ಮತ್ತು ಹೌಗನ್ 1937ರಲ್ಲಿ ತೋರಿಸಿದರು.

ಕೊನೆಗೆ ಒಂದು ಮಿತಿಯೂ ಇದೆ. ಎಷ್ಟು ಹೊತ್ತು ಗಾಳಿ ಹಾಯಿಸಿದರೂ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಆ ಗಾಳಿಯ ತಾಪ ಮತ್ತು ಆರ್ದ್ರತೆಗೆ ಹೊಂದಿಕೊಂಡ ಈ ಶೇಷವೇ ಸಮತೋಲ ತೇವಾಂಶ. ಬೇಸಗೆಯಲ್ಲಿ ಗರಿಗರಿಯಾಗಿದ್ದ ಹಪ್ಪಳ ಮಳೆಗಾಲದಲ್ಲಿ ಡಬ್ಬಿಯೊಳಗೂ ಮೆತ್ತಗಾಗುವುದು ಇದು ಬದಲಾಗುವುದರಿಂದಲೇ. ಸಮತೋಲ ತೇವಾಂಶಕ್ಕಿಂತ ಹೆಚ್ಚಾಗಿರುವ ನೀರಷ್ಟೇ ಹೊರಬರಲು ಸ್ವತಂತ್ರ.

ಅರ್ಧಾಯುಷ್ಯದ ಲೆಕ್ಕ

ಇಳಿಯುವ ದರವನ್ನು ಲೆಕ್ಕಕ್ಕೆ ಸಿಕ್ಕಿಸುವ ಅತಿ ಸರಳ ಮಾರ್ಗವೆಂದರೆ, ದರವು ಉಳಿದಿರುವ ಸ್ವತಂತ್ರ ನೀರಿಗೆ ಅನುಪಾತದಲ್ಲಿದೆ ಎಂದು ಭಾವಿಸುವುದು. ಭೌತವಿಜ್ಞಾನದ ವಿದ್ಯಾರ್ಥಿಗಳು ತಕ್ಷಣ ಗುರುತಿಸಬೇಕು. ನ್ಯೂಟನ್ನನ ತಣಿಯುವ ನಿಯಮ, ವಿಕಿರಣಪಟು ಧಾತುಗಳ ಕ್ಷಯ, ಧಾರಕವೊಂದರ ವಿದ್ಯುದಾವೇಶ ಸೋರಿಹೋಗುವುದು, ಎಲ್ಲವುಗಳ ಸಮೀಕರಣವೂ ಇದೇ. ಉತ್ತರದಲ್ಲಿ ಲಘುಗಣಕ ಬರುತ್ತದೆ.

ಒಂದು ಚದರ ಮೀಟರಿನ ಮೇಲಿರುವ ಒಣ ಪುಡಿಯ ತೂಕ ಮ, ಸ್ಥಿರ ದರ ವ, ಮೊದಲ ತೇವಾಂಶ ತ₀, ಸಂದಿಗ್ಧ ತೇವಾಂಶ ತ₁, ಕೊನೆಯ ತೇವಾಂಶ ತ₂, ಸಮತೋಲ ತೇವಾಂಶ ತ₃ ಎಂದಿರಲಿ. ಆಗ

ಮೊದಲ ಹಂತದ ಕಾಲ = ಮ × (ತ₀ − ತ₁) ÷ ವ

ಎರಡನೆಯ ಹಂತದ ಕಾಲ = [ಮ × (ತ₁ − ತ₃) ÷ ವ] × ಲಘುಗಣಕ [(ತ₁ − ತ₃) ÷ (ತ₂ − ತ₃)]

ಇಲ್ಲಿನ ಲಘುಗಣಕ ಸ್ವಾಭಾವಿಕ ಲಘುಗಣಕ, ಹತ್ತರ ಆಧಾರದ್ದಲ್ಲ.

ನಮ್ಮ ಪುಡಿಗೆ ಮ = 30, ವ = 1.6, ತ₀ = 0.40, ತ₂ = 0.04. ಸಂದಿಗ್ಧ ತೇವಾಂಶ 0.20, ಸಮತೋಲ ತೇವಾಂಶ 0.02 ಎಂದು ಆಮೇಲೆ ಗಂಟೆ ಗಂಟೆಗೂ ತೂಗಿ ಬರೆದ ನಕ್ಷೆಯಿಂದ ತಿಳಿಯಿತು. ಮೊದಲ ಹಂತ: 30 × 0.20 ÷ 1.6 = 3.75 ಗಂಟೆ. ಎರಡನೆಯ ಹಂತ: 30 × 0.18 ÷ 1.6 = 3.375; ಇದನ್ನು 9ರ ಲಘುಗಣಕವಾದ 2.197ರಿಂದ ಗುಣಿಸಿದರೆ 7.4 ಗಂಟೆ. ಒಟ್ಟು 11 ಗಂಟೆ 10 ನಿಮಿಷ. ನಾನು ಹೇಳಿದ್ದು ಏಳು!

ಮೊದಲ ಹಂತದಲ್ಲಿ ಹೋದ ನೀರು 6 ಕಿ.ಗ್ರಾಂ., ಎರಡನೆಯ ಹಂತದಲ್ಲಿ ಹೋದದ್ದು 4.8 ಕಿ.ಗ್ರಾಂ. ಕಡಿಮೆ ನೀರು ಹೋಗಲು ಹೆಚ್ಚುಕಡಿಮೆ ಎರಡು ಪಟ್ಟು ಸಮಯ. ಏಳನೆಯ ಗಂಟೆಯಲ್ಲಿ ಪುಡಿಯ ತೇವಾಂಶ ಎಷ್ಟಿತ್ತೆಂದು ಇದೇ ಸೂತ್ರವನ್ನು ತಿರುಗಿಸಿ ಕಂಡುಕೊಳ್ಳಬಹುದು: 0.089. ಬೇಕಾಗಿದ್ದ 0.04ರ ಎರಡು ಪಟ್ಟಿಗಿಂತ ಹೆಚ್ಚು. ಚೀಲದೊಳಗೆ ಬಣ್ಣ ಕಲ್ಲಾದದ್ದರಲ್ಲಿ ಆಶ್ಚರ್ಯವಿಲ್ಲ.

ವಿಕಿರಣಪಟುತ್ವದ ಪಾಠವನ್ನು ಇಲ್ಲಿಗೆ ತಂದರೆ ಚಿತ್ರ ಇನ್ನೂ ನಿಚ್ಚಳವಾಗುತ್ತದೆ. 3.375ನ್ನು 0.693ರಿಂದ ಗುಣಿಸಿದರೆ 2.34, ಅಂದರೆ 2 ಗಂಟೆ 20 ನಿಮಿಷ. ಇದು ಈ ಟ್ರೇಯಲ್ಲಿರುವ ಸ್ವತಂತ್ರ ನೀರಿನ ಅರ್ಧಾಯುಷ್ಯ. ಪ್ರತಿ 2 ಗಂಟೆ 20 ನಿಮಿಷಕ್ಕೆ ಸ್ವತಂತ್ರ ನೀರು ಅರ್ಧವಾಗುತ್ತದೆ: 0.18, 0.09, 0.045, 0.0225... ಆಮೇಲೆ ಇನ್ನೂ ಸ್ವಲ್ಪ ಹೊತ್ತು, ಅಲ್ಲಿಗೆ ನಮ್ಮ ಗುರಿ ಮುಟ್ಟಿತು.

ಈಗ ಮಾಲೀಕರು "ಶೇಕಡ 4 ಬೇಡ, ಜೋಪಾನಕ್ಕೆ 3ಕ್ಕೆ ಇಳಿಸಿಬಿಡಿ" ಎಂದರೆನ್ನಿ. ಕೇಳಲು ಅಲ್ಪ ಬದಲಾವಣೆ. ತೆಗೆಯಬೇಕಾದ ನೀರು ಚದರ ಮೀಟರಿಗೆ 300 ಗ್ರಾಂ. ಮಾತ್ರ. ಮೊದಲ ಹಂತದಲ್ಲಾಗಿದ್ದರೆ 11 ನಿಮಿಷದ ಕೆಲಸ. ಆದರೆ ಸ್ವತಂತ್ರ ನೀರು 0.02ರಿಂದ 0.01ಕ್ಕೆ ಇಳಿಯಬೇಕು, ಅಂದರೆ ಮತ್ತೊಂದು ಪೂರ್ಣ ಅರ್ಧಾಯುಷ್ಯ ಕಳೆಯಬೇಕು. 11 ನಿಮಿಷಕ್ಕೆ ಬದಲು 2 ಗಂಟೆ 20 ನಿಮಿಷ! ಅಷ್ಟು ಹೊತ್ತೂ ಫ್ಯಾನು, ಹೀಟರು ಉರಿಯುತ್ತಿರುತ್ತವೆ. ಹೊರಹೋಗುವ ಗಾಳಿ ಹೆಚ್ಚುಕಡಿಮೆ ಒಳಬಂದಷ್ಟೇ ಬಿಸಿಯಾಗಿ, ಏನನ್ನೂ ಹೊರದೆ, ಚಿಮಣಿ ಸೇರುತ್ತದೆ. ಒಣಗಿಸುವ ಕಾರ್ಖಾನೆಗಳಲ್ಲಿ ದುಡ್ಡು ಪೋಲಾಗುವುದು ಈ ಕೊನೆಯ ಗಂಟೆಗಳಲ್ಲಿ. ಹೋಲಿಕೆಗೆ ಹೇಳುವುದಾದರೆ, 10.8 ಕಿ.ಗ್ರಾಂ. ನೀರನ್ನು ಆವಿಯಾಗಿಸಲು ಅನಿವಾರ್ಯವಾಗಿ ಬೇಕಾದ ಶಕ್ತಿ ಸುಮಾರು 26 ಮೆಗಾಜೌಲ್, ಅಂದರೆ ವಿದ್ಯುತ್ತಿನ ಲೆಕ್ಕದಲ್ಲಿ 7.3 ಯೂನಿಟ್. ಅದಕ್ಕಿಂತ ಮೇಲೆ ಖರ್ಚಾಗುವುದೆಲ್ಲ ಗಾಳಿಯನ್ನು ಕಾಯಿಸಿ ಹೊರಗೆ ಬಿಟ್ಟದ್ದರ ದಂಡ. ಕೊನೆಯ ಹಂತದಲ್ಲಿ ಗಾಳಿಯ ಹೆಚ್ಚಿನ ಪಾಲನ್ನು ಮತ್ತೆ ಒಳಕ್ಕೇ ತಿರುಗಿಸುವ ಏರ್ಪಾಡು ಇರುವುದು ಇದಕ್ಕಾಗಿಯೇ.

ಸೂತ್ರದೊಳಗಿನ ಬಲೆ

ಎರಡನೆಯ ಹಂತದ ಸೂತ್ರದಲ್ಲಿಯೂ ಛೇದದಲ್ಲಿ ಸ್ಥಿರ ದರ ವ ಕುಳಿತಿದೆ. ಆದ್ದರಿಂದ ಫ್ಯಾನಿನ ವೇಗವನ್ನು ಎರಡು ಪಟ್ಟು ಮಾಡಿದರೆ ಎರಡೂ ಹಂತಗಳು ಬೇಗ ಮುಗಿಯುತ್ತವೆ ಎಂದು ಓದುಗರಿಗೆ ಅನ್ನಿಸಬಹುದು. ಉಷ್ಣ ದಾಟುವ ದರ ಗಾಳಿಯ ವೇಗದ 0.8ನೆಯ ಘಾತಕ್ಕೆ ಅನುಪಾತದಲ್ಲಿರುವುದರಿಂದ, ವೇಗ ಇಮ್ಮಡಿಯಾದರೆ ದರ 1.74 ಪಟ್ಟು. 11 ಗಂಟೆ 10 ನಿಮಿಷವನ್ನು 1.74ರಿಂದ ಭಾಗಿಸಿ ಆರೂವರೆ ಗಂಟೆಯ ಒಳಗೆ ಕೆಲಸ ಮುಗಿಸಿದವರನ್ನು ನಾನು ಕಂಡಿದ್ದೇನೆ, ಕಾಗದದ ಮೇಲೆ.

ನಿಜದಲ್ಲಿ ಹಾಗಾಗುವುದಿಲ್ಲ. ಗಾಳಿ ಹೆಚ್ಚು ನೀರು ಕೇಳತೊಡಗಿದರೆ ಒಳಗಿನ ಪೂರೈಕೆ ಬೇಗನೆ ಸೋಲುತ್ತದೆ. ಸಂದಿಗ್ಧ ತೇವಾಂಶವೇ ಮೇಲಕ್ಕೆ ಸರಿಯುತ್ತದೆ. ಅದು ವಸ್ತುವಿನ ಸಾಂದ್ರತೆಯಂತೆ ಒಂದು ಸ್ಥಿರ ಗುಣವಲ್ಲ; ಗಾಳಿಯ ಬಿರುಸು, ಪದರದ ದಪ್ಪ ಎರಡನ್ನೂ ಅವಲಂಬಿಸಿದೆ. ಎರಡನೆಯ ಹಂತ ಪೂರ್ತಿಯಾಗಿ ಒಳಗಿನ ಅಡಚಣೆಯದೇ ಎಂದು ಭಾವಿಸಿ, ಅರ್ಧಾಯುಷ್ಯ ಬದಲಾಗಲಿಲ್ಲವೆಂದು ಲೆಕ್ಕ ಹಾಕಿದರೆ ಸಂದಿಗ್ಧ ತೇವಾಂಶ 0.20ರಿಂದ ಸುಮಾರು 0.33ಕ್ಕೆ ಏರುತ್ತದೆ. ಮೊದಲ ಹಂತ ಮುಕ್ಕಾಲು ಗಂಟೆಗೇ ಮುಗಿದು, ಎರಡನೆಯದು ಒಂಬತ್ತು ಗಂಟೆ ದಾಟುತ್ತದೆ. ಒಟ್ಟು ಹತ್ತು ಗಂಟೆ. ಉಳಿತಾಯ ಗಂಟೆಯ ಮೇಲೆ ಹತ್ತು ನಿಮಿಷ. ಫ್ಯಾನಿನ ಸಾಮರ್ಥ್ಯವಾದರೋ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ, ಅಂದರೆ ಸುಮಾರು ಎಂಟು ಪಟ್ಟು. ನಷ್ಟದ ವ್ಯಾಪಾರ. ಪಠ್ಯಪುಸ್ತಕಗಳಲ್ಲಿ ಈ ಎಚ್ಚರಿಕೆ ಇಲ್ಲವೆಂದಲ್ಲ, ಇದೆ. ಆದರೆ ಸೂತ್ರ ಚೌಕದೊಳಗೆ ಇರುತ್ತದೆ, ಎಚ್ಚರಿಕೆ ಅದರ ಕೆಳಗಿನ ಸಣ್ಣ ಪ್ಯಾರಾದಲ್ಲಿ.

ಫ್ಯಾನಿಗಿಂತ ಉಪಯುಕ್ತವಾದುದು ಪದರದ ದಪ್ಪ. ಸಾಬೂನು, ಮರ, ಹಿಟ್ಟಿನ ಕಣಕದಂಥ ವಸ್ತುಗಳಲ್ಲಿ ನೀರು ವಿಸರಣೆಯಿಂದಲೇ ಹೊರಬರಬೇಕು. 1855ರಲ್ಲಿ ಅಡಾಲ್ಫ್ ಫಿಕ್ ಕೊಟ್ಟ ವಿಸರಣೆಯ ನಿಯಮದಿಂದ ಹೊರಟರೆ, ಒಣಗುವ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿದೆ ಎಂದು ಬರುತ್ತದೆ. ಒಂದೇ ಮುಖದಿಂದ ಒಣಗುವ ಹಲಗೆಗೆ, ಬಹುಪಾಲು ನೀರು ಹೋದ ಮೇಲಿನ ಸ್ಥಿತಿಯಲ್ಲಿ,

ಕಾಲ = [4 × ದಪ್ಪದ ವರ್ಗ ÷ (ಪೈ ವರ್ಗ × ವಿಸರಣ ಗುಣಾಂಕ)] × ಲಘುಗಣಕ [8 × ಮೊದಲ ಸ್ವತಂತ್ರ ನೀರು ÷ (ಪೈ ವರ್ಗ × ಕೊನೆಯ ಸ್ವತಂತ್ರ ನೀರು)]

ದಪ್ಪ 1 ಸೆಂ.ಮೀ., ವಿಸರಣ ಗುಣಾಂಕ ಸೆಕೆಂಡಿಗೆ 10⁻⁹ ಚದರ ಮೀಟರ್, ಸ್ವತಂತ್ರ ನೀರು ಒಂಬತ್ತನೆಯ ಒಂದಕ್ಕೆ ಇಳಿಯಬೇಕು ಎಂದಾದರೆ ಬೇಕಾದ ಕಾಲ 22 ಗಂಟೆ 20 ನಿಮಿಷ. ದಪ್ಪವನ್ನು ಅರ್ಧ ಸೆಂ.ಮೀ. ಮಾಡಿದರೆ ಐದೂವರೆ ಗಂಟೆಯ ಮೇಲೆ ಐದಾರು ನಿಮಿಷ. ನಮ್ಮಲ್ಲಿ ಹಣ್ಣಡಿಕೆಯನ್ನು ಸಿಪ್ಪೆಸಮೇತ ಅಂಗಳದಲ್ಲಿ ಹರವಿ ಚಾಲಿ ಮಾಡುವವರು ಸುಮಾರು 40 ದಿನ ಬಿಸಿಲು ಕಾಯುತ್ತಾರೆ. ಕಾಯನ್ನು ಸೀಳಿ ಒಣಹಾಕಿದರೆ ಅಷ್ಟು ದಿನ ಬೇಡ. ಹಪ್ಪಳವಂತೂ ಒಂದೆರಡು ಬಿಸಿಲಿಗೇ ಆಯಿತು. ದಪ್ಪದ ವರ್ಗ ಎಂಬ ಮಾತು ಕೇಳದವರೂ ಅದನ್ನು ಬಲ್ಲರು.

ನಮ್ಮ ಬಣ್ಣದ ಟ್ರೇಗೆ ಇದನ್ನು ಅನ್ವಯಿಸಿ ನೋಡೋಣ. ಪದರ ಎರಡೂವರೆ ಸೆಂ.ಮೀ. ಇತ್ತು. ಅದನ್ನು ಅರ್ಧ ಮಾಡಿದರೆ ಟ್ರೇಯೊಂದಕ್ಕೆ ಹಿಡಿಸುವ ಪುಡಿಯೂ ಅರ್ಧ, ಆದ್ದರಿಂದ ಎರಡು ಸಲ ಒಣಗಿಸಬೇಕು. ಮೊದಲ ಹಂತಕ್ಕೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡನೆಯ ಹಂತ ಮಾತ್ರ ವರ್ಗದ ನಿಯಮವನ್ನು ಪಾಲಿಸಿದರೆ ಕಾಲ್ಭಾಗಕ್ಕೆ, 1.85 ಗಂಟೆಗೆ, ಇಳಿಯುತ್ತದೆ. ಒಂದು ಸಲಕ್ಕೆ 3.7 ಗಂಟೆಯಂತೆ ಎರಡು ಸಲಕ್ಕೆ ಏಳೂವರೆ ಗಂಟೆ. ಹನ್ನೊಂದಕ್ಕಿಂತ ಎಷ್ಟೋ ವಾಸಿ. ಪುಡಿ ಸಾಬೂನಿನಂತಲ್ಲ, ಅದರಲ್ಲಿ ಕೇಶಾಕರ್ಷಣೆಗೂ ಪಾಲಿದೆ, ಆದ್ದರಿಂದ ನಿಜವಾದ ಉತ್ತರ ಈ ಎರಡು ಅಂಕಿಗಳ ನಡುವೆ ಎಲ್ಲೋ ಇರುತ್ತದೆ. ಟ್ರೇ ತುಂಬುವ, ಬರಿದು ಮಾಡುವ ಸಮಯವನ್ನೂ ಸೇರಿಸಬೇಕು. ನನ್ನ ಶಿಷ್ಯ ಪ್ರಯೋಗ ಮಾಡಿ, ಒಂದೂವರೆ ಸೆಂ.ಮೀ. ದಪ್ಪಕ್ಕೆ ನಿಂತುಕೊಂಡ. ಆ ನಿರ್ಧಾರದಲ್ಲಿ ನನ್ನ ಪಾತ್ರವಿರಲಿಲ್ಲ, ಅದು ಅವನ ಅದೃಷ್ಟ.

ಅವಸರವೂ ಅಪಾಯವೇ. ಹಸಿ ಜೇಡಿಮಣ್ಣಿನಲ್ಲಿ ಮೊದಲ ಹಂತದಲ್ಲಿ ಹೋಗುವುದು ಕಣಗಳನ್ನು ಒಂದರಿಂದೊಂದು ದೂರವಿರಿಸಿರುವ ನೀರು. ಅದು ಹೋದಂತೆ ಕಣಗಳು ಹತ್ತಿರ ಬಂದು ಮಣ್ಣು ಕುಗ್ಗುತ್ತದೆ. ಮೇಲ್ಭಾಗ ಬೇಗನೆ ಒಣಗಿ ಕುಗ್ಗಿದರೆ, ಒಳಭಾಗ ಇನ್ನೂ ಉಬ್ಬಿಕೊಂಡೇ ಇದ್ದರೆ, ಬಿರುಕು ತಪ್ಪಿದ್ದಲ್ಲ. ಇಟ್ಟಿಗೆ, ಹೆಂಚುಗಳನ್ನು ಸುಡುವ ಮೊದಲು ನೆರಳಿನಲ್ಲಿ ನಿಧಾನವಾಗಿ ಒಣಗಿಸುವುದು ಇದಕ್ಕೇ. ಹಣ್ಣು, ಸಾಬೂನುಗಳಲ್ಲಿ ಬಿರುಕಿಗೆ ಬದಲು ಮೇಲೊಂದು ಗಟ್ಟಿ ಚರ್ಮ ಕಟ್ಟಿಕೊಂಡು ಒಳಗಿನ ನೀರಿಗೆ ಬಾಗಿಲು ಮುಚ್ಚಿಬಿಡುತ್ತದೆ. ಆಮೇಲೆ ಕಾವು ಹೆಚ್ಚಿಸಿದಷ್ಟೂ ಕೆಲಸ ಕೆಡುತ್ತದೆ.

ಮಳೆಗಾಲದಲ್ಲಿ?

ಈ ಪ್ರಶ್ನೆಯನ್ನು ಕೇಳದ ವಿದ್ಯಾರ್ಥಿಯಿಲ್ಲ. ಹೊರಗೆ 24 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 95 ಇದೆ ಎನ್ನಿ. ಒಂದು ಕಿ.ಗ್ರಾಂ. ಒಣ ಗಾಳಿಯೊಡನೆ ಸುಮಾರು 18 ಗ್ರಾಂ. ಆವಿ. ಇದನ್ನು 60 ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇಕಡ 14ಕ್ಕೆ ಇಳಿಯುತ್ತದೆ, ಆರ್ದ್ರ ಬಲ್ಬ್ ತಾಪ 31.7 ಡಿಗ್ರಿಯ ಸುತ್ತ ಬರುತ್ತದೆ. ತಾಪದ ವ್ಯತ್ಯಾಸ 30 ಇದ್ದದ್ದು 28.3 ಆಯಿತು. ಸ್ಥಿರ ದರ ಕಡಿಮೆಯಾದದ್ದು ಶೇಕಡ ಐದಾರರಷ್ಟು ಮಾತ್ರ! ಗಾಳಿಯನ್ನು 32 ಡಿಗ್ರಿಗೆ ಬದಲು 36 ಡಿಗ್ರಿಯಷ್ಟು ಮೇಲೇರಿಸಬೇಕಾದ ಇಂಧನದ ಖರ್ಚು ಬೇರೆ.

ಕಾಯಿಸದೆ ನೆರಳಲ್ಲಿ ಒಣಹಾಕುವವರ ಪಾಡು ಹೀಗಲ್ಲ. 28 ಡಿಗ್ರಿ, ಶೇಕಡ 63ರ ಗಾಳಿಯಲ್ಲಿ ಒಣ ಮತ್ತು ಆರ್ದ್ರ ಬಲ್ಬುಗಳ ವ್ಯತ್ಯಾಸ ಸುಮಾರು ಐದೂವರೆ ಡಿಗ್ರಿ. 24 ಡಿಗ್ರಿ, ಶೇಕಡ 95ರಲ್ಲಿ ಅದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಗಾಳಿಯ ವೇಗ ಒಂದೇ ಇದ್ದರೂ ಒಣಗುವ ದರ ಒಂಬತ್ತನೆಯ ಒಂದಕ್ಕೆ ಬಿತ್ತು. ಅಷ್ಟರಲ್ಲಿ ಬೂಷ್ಟು ತನ್ನ ಕೆಲಸ ಮುಗಿಸಿರುತ್ತದೆ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒದ್ದೆ ವಸ್ತುಗಳನ್ನು ಇಡುವುದರಿಂದ ಆಗುವುದೂ ಗಾಳಿಯನ್ನು ಕೆಲವು ಡಿಗ್ರಿ ಕಾಯಿಸುವ ಕೆಲಸವೇ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರಿಗೆ ಇದು ಸುಲಭದ ಪ್ರಯೋಗ. ಎರಡು ಒಂದೇ ಅಳತೆಯ ಸ್ಟೀಲ್ ತಟ್ಟೆಗಳು, ಒಂದು ಗ್ರಾಮಿನವರೆಗೆ ತೂಗಬಲ್ಲ ತಕ್ಕಡಿ, ಒಂದು ಟೇಬಲ್ ಫ್ಯಾನು, ಎರಡು ಉಷ್ಣಮಾಪಕ ಇದ್ದರೆ ಸಾಕು. ಚೆನ್ನಾಗಿ ತೊಳೆದು ಒಣಗಿಸಿದ ಸಣ್ಣ ಮರಳನ್ನು ತೂಗಿ ಒಂದು ತಟ್ಟೆಯಲ್ಲಿ ಅಂಚಿನವರೆಗೆ ಸಮವಾಗಿ ಹರವಿ, ಅದು ಪೂರ್ತಿ ನೆನೆಯುವಷ್ಟು ನೀರನ್ನು ತೂಗಿ ಹಾಕಿ. ಇನ್ನೊಂದರಲ್ಲಿ ಅದೇ ಎತ್ತರಕ್ಕೆ ಬರಿಯ ನೀರು. ಎರಡನ್ನೂ ಫ್ಯಾನಿನಿಂದ ಸಮದೂರದಲ್ಲಿಟ್ಟು ಅರ್ಧ ಗಂಟೆಗೊಮ್ಮೆ ತೂಗಿ. ಒಂದು ಉಷ್ಣಮಾಪಕದ ಬುರುಡೆಯನ್ನು ಮರಳಿನ ಮೇಲ್ಪದರದೊಳಗೆ ಹೂತಿಡಿ, ಇನ್ನೊಂದು ಹೊರಗಿನ ಗಾಳಿಯಲ್ಲಿರಲಿ.

ಮೊದಮೊದಲು ಎರಡು ತಟ್ಟೆಗಳೂ ಸರಿಸುಮಾರು ಒಂದೇ ದರದಲ್ಲಿ ಹಗುರವಾಗುತ್ತವೆ. ಮರಳಿನ ತಾಪ ಗಾಳಿಗಿಂತ ಕೆಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮುಂದೊಂದು ಘಳಿಗೆಯಲ್ಲಿ ಮರಳಿನ ಬಣ್ಣ ಅಲ್ಲಲ್ಲಿ ತಿಳಿಯಾಗುತ್ತದೆ, ಉಷ್ಣಮಾಪಕ ಮೇಲೇರುತ್ತದೆ, ತೂಕ ಇಳಿಯುವುದು ನಿಧಾನವಾಗುತ್ತದೆ. ನೀರಿನ ತಟ್ಟೆ ಮಾತ್ರ ಮೊದಲಿನಂತೆಯೇ ಹಗುರವಾಗುತ್ತಿರುತ್ತದೆ. ತೇವಾಂಶವನ್ನು ಅಡ್ಡ ಅಕ್ಷದಲ್ಲಿ, ಅರ್ಧ ಗಂಟೆಯಲ್ಲಿ ಹೋದ ನೀರನ್ನು ನೇರ ಅಕ್ಷದಲ್ಲಿ ಗುರುತಿಸಿ ನಕ್ಷೆ ಬರೆದರೆ, ಸಮತಟ್ಟಾದ ಗೆರೆ ಎಲ್ಲಿ ಬಾಗುತ್ತದೋ ಅದೇ ಆ ಮರಳಿನ, ಆ ದಿನದ, ಆ ದಪ್ಪದ ಸಂದಿಗ್ಧ ತೇವಾಂಶ. ಒಂದು ತರಗತಿಯ ಅವಧಿಯಲ್ಲಿ ಇದು ಮುಗಿಯುವುದಿಲ್ಲ. ಬೆಳಿಗ್ಗೆ ಶುರುಮಾಡಿ ಸಂಜೆಯವರೆಗೆ ಸರದಿಯ ಮೇಲೆ ತೂಗಲು ಮಕ್ಕಳಿಗೆ ಹೇಳಿ. ಮಧ್ಯಾಹ್ನ ಊಟದ ಬಿಡುವಿನ ಒಂದು ತೂಕ ತಪ್ಪಿದರೆ ನಕ್ಷೆಯ ಬಾಗು ಕಾಣದೇ ಹೋಗಬಹುದು, ಅಲ್ಲಿಗೊಬ್ಬರನ್ನು ಕೂರಿಸಲು ಮರೆಯಬೇಡಿ.